ಕಪ್ಪಿನ ಪಕ್ಕ ಕಪ್ಪು

ಎರಡು ಕೊಂಡಿ, ಒಂದೊಂದರಲ್ಲಿ ಆರಾರು ತಂತಿ.
ಒಂದರಲ್ಲಿ ಕಿತ್ತಳೆ, ಕೆಂಪು, ಹಳದಿ, ನೀಲಿ,
ಇನ್ನೊಂದರಲ್ಲಿ ಬಿಳಿ, ಮೂರು ಕೆಂಪು,
ಎರಡರಲ್ಲೂ ಎರಡೆರಡು ಕಪ್ಪು.
ಅಂಗಡಿಯವನು ಒಂದು ಚಿತ್ರ ಕೊಟ್ಟಿದ್ದ,
ಝೆರಾಕ್ಸಿನ ಝೆರಾಕ್ಸು.
ಅದರಲ್ಲಿ ಹನ್ನೆರಡು ತಂತಿಯೂ ಕಪ್ಪು.

ದುರ್ಗಿಗುಡಿಯ ಎರಡು ಕೋಣೆಯ ಮನೆ,
ತೊಂಬತ್ತಾರರ ಮಾರ್ಚಿನ ಒಂದು ಭಾನುವಾರ.
ಇಸ್ತ್ರಿಯ ಕಂಬಳಿ ಹಾಸಿ, ಮೇಲೆ ಹಸಿರು ಹಲಗೆಯಿಟ್ಟು
ಕಂಪ್ಯೂಟರ್ ಕಟ್ಟುತ್ತಿದ್ದೆ ನಾನು,
ಹನ್ನೊಂದು ಟೈಪ್‌ರೈಟರುಗಳ ಒಡತಿ,
ಕಣ್ಣು ಮುಚ್ಚಿ ಅರ್ಜಿ ಹೊಡೆಯುವವಳು.
ಕಟ್ಟಿದ್ದನ್ನೇ ಕೊಳ್ಳಲು ದುಡ್ಡಿರಲಿಲ್ಲ ಅಂತಲ್ಲ,
ಕಲಿಯುವ ಆಸೆ.
ಇಲ್ಲ, ದುಡ್ಡಿರಲಿಲ್ಲ.

ಕೊಂಡಿ ಒತ್ತಿದೆ. ಕೂತಿತು.
ಅದಲುಬದಲಾದರೂ ಹಾಗೇ ಕೂರುತ್ತದೆ ಅದು,
ಸರಿಗೂ ತಪ್ಪಿಗೂ ಒಂದೇ ಬಿಗಿ.
ಗುಂಡಿ ಒತ್ತಿದೆ.
ಟಪ್. ದೊಡ್ಡ ಸದ್ದೇನಲ್ಲ,
ಒಗ್ಗರಣೆಯ ಕೊನೆಯ ಸಾಸಿವೆ ಸಿಡಿದಷ್ಟು.
ಆಮೇಲೆ ವಾಸನೆ.
ಮೇಲಿನ ಮನೆಯ ಗುತ್ಯಮ್ಮ ಮೆಟ್ಟಿಲಲ್ಲೇ ನಿಂತು
'ಏನೇ, ಮೀನು ಹೊತ್ತಿಸಿದ್ಯಾ? ನೀನು ತಿನ್ನಲ್ವಲ್ಲೇ!'

ನಾಲ್ಕು ಸಾವಿರದ ಮುನ್ನೂರು ರೂಪಾಯಿ.
ಟೈಪಿನಲ್ಲಾದರೆ ಬಿಳಿ ಹಚ್ಚಿ, ಊದಿ ಒಣಗಿಸಿ
ಮೇಲೆ ಇನ್ನೊಂದಕ್ಷರ ಹೊಡೆಯಬಹುದಿತ್ತು.

ಹುಚ್ಚರಾಯಪ್ಪನನ್ನು ಕರೆಸಿದೆ.
ಸಾಗರ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವವನು,
ಉಗುರುಗಳಿಗೆ ವಾರ್ನಿಶ್ಶಿನ ಬಣ್ಣ.
ಹಲಗೆಯನ್ನು ಹಲಸಿನ ತೊಳೆಯಂತೆ ಮೂಸಿದ.
ತಂತಿಗಳನ್ನು ಎಣಿಸಿದ, ಬೆರಳು ಮಡಚಿ, ಎರಡು ಸಲ.
'ನಮ್ ಕಡೆ ಕಪ್ಪು ಅಂದ್ರೆ ನ್ಯೂಟ್ರಲ್ಲು, ಹಸಿರು ನೆಲ.
ಇವ್ರು ಕಪ್ಪನ್ನೇ ನೆಲ ಮಾಡಿದಾರೆ ಮಾರಾಯ್ತಿ.
ನೆಲ ನಡುವೆ ಇರ್ಬೇಕು.
ನೀನು ಅದ್ನ ಎರಡೂ ಅಂಚಿಗೆ ದಬ್ಬಿದೀಯ,
ಮನೆ ನಿಲ್ಲೋದು ಎಲ್ಲಿ?'

ಎರಡು ಟೈಪ್‌ರೈಟರು ಮಾರಿ ಇನ್ನೊಂದು ಹಲಗೆ ತಂದೆ.
ಬಸ್ಸಿನಲ್ಲಿ, ಬಚ್ಚಲಲ್ಲಿ, ಹಾಲು ಉಕ್ಕುವಾಗ
ಕಪ್ಪಿನ ಪಕ್ಕ ಕಪ್ಪು, ಕಪ್ಪಿನ ಪಕ್ಕ ಕಪ್ಪು,
ಮಗ್ಗಿಯ ಹಾಗೆ.
ಒತ್ತುವಾಗ ಕೈಯಲ್ಲ, ಮೊಣಕಾಲು ನಡುಗಿತು.
ಪರದೆಯ ಮೂಲೆಯಲ್ಲಿ ಅಂಕೆಗಳು ಓಡಿದವು,
ಯಾರೋ ಒಳಗೆ ಚಿಲ್ಲರೆ ಎಣಿಸುತ್ತಿದ್ದ ಹಾಗೆ.

ಮುಂದಿನ ದೀಪ ಮಾತ್ರ ಹತ್ತಲಿಲ್ಲ.
ಭತ್ತದ ಕಾಳಿನಷ್ಟು ದೀಪ, ಎರಡೆಳೆ ತಂತಿ.
'ಬಲ್ಬು ಹೋಗಿದೆ, ಬಿಡು,' ಅಂದ ಹುಚ್ಚರಾಯಪ್ಪ.
ಸ್ಕ್ರೂಡ್ರೈವರಿನ ತುದಿ ಪೆಟ್ಟಿಗೆಗಿಟ್ಟು, ಹಿಡಿ ಕಿವಿಗೆ ಒತ್ತಿ,
ಬಹಳ ಹೊತ್ತು ಕೇಳಿದ.
'ಫ್ಯಾನಿಗೆ ಒಂದು ಹನಿ ಎಣ್ಣೆ ಬೇಕು. ಉಳಿದಿದ್ದು ಆರೋಗ್ಯ.'

ಆರು ವರ್ಷ ಕಲಿಯಲು ಬಂದವರೆಲ್ಲ ಕೇಳಿದರು,
'ಮೇಡಂ, ಇದು ಆನಾ, ಆಫಾ?'
'ಹಿಂದೆ ಅಂಗೈ ಇಟ್ಟು ನೋಡಿ,' ಅನ್ನುತ್ತಿದ್ದೆ.
ಬೆಚ್ಚಗಿದ್ದರೆ ಆನ್.
ಹಾಗೆ ಕೈಯಿಟ್ಟು ಕಲಿತವರು ಇನ್ನೂರು ಮಂದಿಯಾದರೂ ಇದ್ದಾರು.
ಕೆಲವರು ಈಗಲೂ, ಯಾವುದೋ ಕಚೇರಿಯಲ್ಲಿ,
ಸುಮ್ಮನೆ ಯಂತ್ರದ ಬೆನ್ನು ಮುಟ್ಟುತ್ತಾರಂತೆ.

ಗುಜರಿಗೆ ಹಾಕುವ ಮುನ್ನ ಬಿಚ್ಚಿದವಳು ನಸೀಮ,
ಪಿ.ಯು. ಓದುತ್ತಿದ್ದ ಹುಡುಗಿ.
ಆ ಎರಡೆಳೆಯ ಕೊಂಡಿ ಕಿತ್ತು, ತಿರುಗಿಸಿ, ಮತ್ತೆ ಸಿಕ್ಕಿಸಿದಳು.
ಹಸಿರು.
'ಉಲ್ಟಾ ಇತ್ತು ಮೇಡಂ, ಅಷ್ಟೆ.'

ಕೆಟ್ಟಿರಲಿಲ್ಲ.
ಆರು ವರ್ಷ ಬೆನ್ನು ತಿರುಗಿಸಿ ನಿಂತಿತ್ತು,
ನಾನೇ ನಿಲ್ಲಿಸಿದ್ದೆ.

ಸಂಜೆ ಸಾಗರ ರಸ್ತೆಗೆ ಹೋಗಿ ಹೇಳಿದೆ.
ಹಲ್ಲಿನಲ್ಲಿ ತಾಮ್ರದೆಳೆ ಕಚ್ಚಿಕೊಂಡು ಸುತ್ತುತ್ತಿದ್ದವನು
ಸುತ್ತಿನ ಎಣಿಕೆ ತಪ್ಪಿ ಕೈ ನಿಲ್ಲಿಸಿದ.
'ನಮ್ ಬಲ್ಬಿಗೆ ಹಿಂದಿಲ್ಲ ಮುಂದಿಲ್ಲ.
ದೀಪಕ್ಕೂ ದಿಕ್ಕು ಇರತ್ತಾ?'
ಎಳೆಯನ್ನು ಬಾಯಿಂದ ತೆಗೆದು, ಮತ್ತೆ,
'ಹಸಿರಾ? ನಾನು ಕೆಂಪು ಅಂದ್ಕೊಂಡಿದ್ದೆ ಕಣೆ.'