ಬಿಚ್ಚುವ ಕೆಲಸ

ಫಿಟ್ಸ್ ಬಂದು ನೀರಿಗೆ ಬಿದ್ದ ಮೇಲೆ
ತಂಡೇಲ ನನ್ನನ್ನು ಬೋಟು ಹತ್ತಿಸಲಿಲ್ಲ.
ಆರು ವರ್ಷವಾಯಿತು, ಮಲ್ಪೆ ಧಕ್ಕೆಯಲ್ಲಿ ಬಲೆ ಸರಿಮಾಡುತ್ತೇನೆ,
ರಾತ್ರಿ ಮೂರು ಮಾತ್ರೆ.

ನಡುಕ ನಿಂತಿತು. ಒಸಡು ಎದ್ದಿತು,
ಹಲ್ಲು ಅರ್ಧ ಮುಳುಗುವಷ್ಟು.

ಹಲ್ಲಿನ ಡಾಕ್ಟರಮ್ಮ ಚೀಟಿಯ ಹಿಂದೆ ಗೆರೆ ಎಳೆದರು:
ಒಸಡಿನೊಳಗೆ ನಾರು ಹೆಣೆಯುವ ಜೀವಕೋಶಗಳಿವೆ,
ಹಳೆಯದನ್ನು ಬಿಚ್ಚುವುದೂ ಅವುಗಳದೇ ಕೆಲಸ,
ಈ ಮಾತ್ರೆಗೆ ಕೆಲವರಲ್ಲಿ
ಬಿಚ್ಚುವ ಕೈ ಸೋಲುತ್ತದೆ.

ನಕ್ಕೆ, ಅಂಗೈ ಅಡ್ಡ ಹಿಡಿದು.
ಕೊಳೆತ ಕಣ್ಣು ಕತ್ತರಿಸದೆ ಹೊಸದು ಹಾಕಿದರೆ
ಅದೇನು ಬಲೆಯೋ ಕಂಬಳಿಯೋ ಎಂದು
ಬೂದ ಕುಂದರ್ ನನ್ನ ಬೆರಳಿಗೇ ಹೊಡೆದಿದ್ದರು.

ಬುಧವಾರ ಕೊಯ್ಯುತ್ತಾರೆ.
ಮತ್ತೆ ಬೆಳೆದೀತು, ಅಂದರು.
ಹಾಗಾದರೆ ಮಾತ್ರೆ ಬಿಡಲೇ, ಕಡಲಿಗೆ ಹೋಗಲೇ
ಎಂದು ನಾನು ಕೇಳಲಿಲ್ಲ.
ಇವತ್ತಿನ ಮೂರನ್ನೂ ನುಂಗಿದೆ,
ಹಲ್ಲಿಗೆ ತಾಗಿಸದೆ.