ತೊರಕೆಯಿಲ್ಲದ ನೀರು

ಅಶ್ವೀಜ ಮುಗಿಯುವ ಹೊತ್ತಿಗೆ
ಪಟಗುಪ್ಪೆಯ ಹಿನ್ನೀರು ಹಳೆಯ ಗದ್ದೆಗಳ ಮೇಲೆ
ಮೊಣಕಾಲುದ್ದ ನಿಂತಿರುತ್ತದೆ.
ಒಳಗೆ ಅಂಚುಗಳು ಹಾಗೇ ಇವೆ,
ಯಾರೋ ಮಡಚಿಟ್ಟ ಪಾಲುಪಟ್ಟಿಯ ಗೀಟುಗಳಂತೆ.

ಸೋಮವಾರ ನನ್ನ ಸೈಕಲ್ ಶಾಪಿಗೆ ರಜೆ.
ಐದು ಗಂಟೆಗೇ ಮಾಸ್ತಿ ಖಾರ್ವಿ ಬಂದು
ಶಟರಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾನೆ.
ಹೆಗಲಿಗೆ ಬೀಸುಬಲೆ, ಸೊಂಟಕ್ಕೆ ಉಪ್ಪಿನ ಗಂಟು.
ಗಂಗೊಳ್ಳಿಯವನು. ಮೀನಿನ ಲಾರಿಯಲ್ಲಿ ಐಸ್ ಒಡೆಯುತ್ತ
ನಾಗೋಡಿ ಘಾಟಿ ಹತ್ತಿ ಬಂದವನು;
ಬಟ್ಟೆಮಲ್ಲಪ್ಪದಲ್ಲಿ ಲಾರಿ ಕೆಟ್ಟಿತು, ಇಳಿದ,
ರಿಪೇರಿಯಾಯಿತು, ಹತ್ತಲಿಲ್ಲ.
ಯಾಕೆಂದು ಕೇಳಿದರೆ ಲಾರಿಯ ನಂಬರು ಹೇಳುತ್ತಾನೆ.

ನೀರಿಗಿಳಿದ ಮೊದಲ ದಿನವೇ ಗದರಿದ:
“ಹ್ವಾಯ್, ಕಾಲ್ ಎತ್ತಿ ಇಡ್ಬೇಡಿ, ಎಳ್ದ್ ಎಳ್ದ್ ಇಡಿ,
ಅಡಿಗೆ ತೊರ್ಕಿ ಇರತ್ತ್.”
ತೊರಕೆ ಅಂದರೆ ತಟ್ಟೆಯಂಥ ಮೀನು, ಬಾಲದಲ್ಲಿ ಮುಳ್ಳು.
ತುಳಿದವನು ದೇವರ ಹೆಸರಿಗೆ ಬೈಗುಳ ಬೆರೆಸಿ
ಬೆಳಗಿನವರೆಗೆ ಕೂಗುತ್ತಾನಂತೆ.
ಎಳೆದಿಟ್ಟ ಪಾದಕ್ಕೆ ತಾನೇ ಎದ್ದು
ದಾರಿ ಬಿಡುತ್ತದಂತೆ.
ಸಮುದ್ರ ಘಾಟಿಯ ಕೆಳಗಾಯಿತು ಮಾರಾಯ, ಅಂದೆ,
ಇದು ಶರಾವತಿ, ಅಡಿಗಿರುವುದು ಕೂಳೆ, ಕೆಸರು.
ಅವನೆಂದ: “ಅದ್ ಕಾಲಿಗ್ ಗೊತ್ತಿಲ್ಲ.”

ಹೀಗೆ ಇಬ್ಬರೂ ಕಾಲೆಳೆಯುತ್ತೇವೆ,
ಇಲ್ಲದ ಮೀನಿಗೆ ಮರ್ಯಾದೆ ಕೊಡುತ್ತ.

ಅಂಚಿನ ತುದಿಯಲ್ಲಿ ಅವನದೊಂದು ಗಳ, ಕಚ್ಚು ಹಾಕಿದ್ದು.
ಉಬ್ಬರವಿಲ್ಲ, ಇಳಿತ ಮಾತ್ರ,
ವಾರಕ್ಕೊಂದು ಗೇಣು.
ಚಂದ್ರನ ಲೆಕ್ಕ ಇಲ್ಲಿ ನಡೆಯುವುದಿಲ್ಲ,
ಎಲ್ಲೋ ಯಾರೋ ಸ್ವಿಚ್ ಒತ್ತುತ್ತಾರೆ,
ಇಲ್ಲಿ ಒಂದು ಕಚ್ಚು ಒಣಗುತ್ತದೆ.
ಆದರೂ ಹುಣ್ಣಿಮೆಯ ಮಾರನೆಯ ಬೆಳಗ್ಗೆ
ಅವನು ಗಳದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾನೆ.

ನನಗೆ ಗೊತ್ತಿರುವುದು ಒಂದೇ: ಗುಳ್ಳೆ.
ಹದಿನೆಂಟು ವರ್ಷ ಟಬ್ಬಿನ ನೀರಲ್ಲಿ ಟ್ಯೂಬ್ ಅದ್ದಿ
ತೂತು ಹುಡುಕಿದ ಕಣ್ಣು ಇದು.
ಸಾಲಾಗಿ ಸಣ್ಣಗೆ ಬಂದರೆ ಕೆಸರಿನ ಗಾಳಿ,
ಬಿಟ್ಟು ಬಿಟ್ಟು ಬಂದರೆ ಕೊರವ.
ಕೈ ತೋರಿಸುತ್ತೇನೆ. ಅವನು ಸೊಂಟ ತಿರುಗಿಸುತ್ತಾನೆ.
ಬಲೆ ಆಕಾಶದಲ್ಲಿ ಒಂದು ಕ್ಷಣ
ಹೆಂಚಿನ ಮೇಲೆ ಹುಯ್ದ ದೋಸೆಯ ಹಾಗೆ ಅಗಲವಾಗಿ
ಸೀಸದ ಮಣಿಗಳು ಒಟ್ಟಿಗೇ ನೀರು ಮುಟ್ಟುತ್ತವೆ: ಜುಂ.

ಎರಡು ಕೊರವ, ಬೇಡದ ಐದಾರು ಜಿಲೇಬಿ.
“ಈಗ ಅಳಿವೆಯಲ್ಲಿ ಕಾಣೆ,” ಅನ್ನುತ್ತಾನೆ,
“ಮರಳಲ್ಲಿ ಮರಳಿನ ಬಣ್ಣ. ಹೆಸರೇ ಹೇಳತ್ತಲ್ಲೆ, ಕಾಣೆ.”
ಒಂದು ಬೆರಳು ನೀರಿಗದ್ದಿ ನಾಲಿಗೆಗಿಡುತ್ತಾನೆ.
ಪ್ರತಿ ಸಲವೂ. ಪ್ರತಿ ಸಲವೂ ಸಪ್ಪೆ.

ಹಬ್ಬದ ಹಿಂದಿನ ವಾರ ದೊಡ್ಡದೊಂದು ಬಲೆಯಂಚು ಹಾರಿತು.
ಬೆನ್ನು ಕಂಡದ್ದೇ ನಾನು ಓಡಿದೆ,
ಕಾಲೆತ್ತಿ, ನಿಜವಾಗಿಯೇ ಓಡಿದೆ.
ಮೂರನೆಯ ಹೆಜ್ಜೆಗೆ ಹಿಮ್ಮಡಿಯಲ್ಲಿ ಏನೋ ನೆಟ್ಟಿತು.
ಮಾಸ್ತಿ ಕೆಸರಿಗೆ ಕೈ ಹಾಕಿ ಎಳೆದು ತೆಗೆದ:
ನೇಗಿಲಿನ ಗುಳ,
ತುಕ್ಕು ತಿಂದು ಎಲೆಯಷ್ಟು ತೆಳ್ಳಗಾದದ್ದು,
ಮೊನೆ ಮಾತ್ರ ಹಾಗೇ.
ಯಾರು ಬಿಟ್ಟು ಹೋದರೋ,
ನೀರು ಬರುವ ಮುಂಚಿನ ಕೊನೆಯ ಸಾಲಿನಲ್ಲೋ ಏನೋ.

ಅವನು ನಗಲಿಲ್ಲ. ನನ್ನನ್ನು ಅಂಚಿನ ಮೇಲೆ ಕೂರಿಸಿ
ಸೊಂಟದ ಗಂಟು ಬಿಚ್ಚಿ
ಒಂದು ಮುಷ್ಟಿ ಗಾಯಕ್ಕೆ ಒತ್ತಿದ.
ನಾನು ಕೂಗಿದ್ದು ಸೇತುವೆಯ ಮೇಲಿನ ಬಸ್ಸಿಗೂ ಕೇಳಿರಬೇಕು.
ಉರಿ ಇಳಿದು ಕಣ್ಣು ಬಿಟ್ಟಾಗ
ಕಾಲ ಸುತ್ತ ಒಂದಂಗುಲ ನೀರು ಕೆಂಪಗೆ, ಉಪ್ಪಾಗಿ.
ಮಾಸ್ತಿ ಅಲ್ಲೇ ಬಗ್ಗಿ
ಬೆರಳು ಅದ್ದಿದವನು
ನಾಲಿಗೆಯವರೆಗೆ ಒಯ್ಯದೆ ನಿಂತುಬಿಟ್ಟ.

ಗುಳ ಈಗ ಶಾಪಿನಲ್ಲಿದೆ, ಬಿಲ್ಲುಗಳು ಹಾರದಂತೆ.
ಚಪ್ಪಲಿ ಯಾಕೆ ಇಷ್ಟು ಬೇಗ ಸವೆಯುತ್ತದೆಂದು
ಮನೆಯವಳು ಕೇಳುತ್ತಾಳೆ.
ಟಾರು ರಸ್ತೆಯಲ್ಲೂ ಎಳೆದೇ ಇಡುತ್ತೇನೆ.
ಏನೋ ಎದ್ದು ಪಕ್ಕಕ್ಕೆ ಸರಿಯಲಿ ಅಂತ
ಒಂದು ಕ್ಷಣ ಬಿಟ್ಟು,
ಇನ್ನೊಂದು ಪಾದ.