ಹದಿನಾಲ್ಕನೇ ಗೂಟ

ಊರ್ಡಿಗೆರೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು.
ಈಗ ಅಲ್ಲಿ ಮೊಬೈಲ್ ರಿಪೇರಿ.
ಗೋಡೆಯ ಮೇಲಿನ ಕಾಶ್ಮೀರ ಮಾತ್ರ ಹಾಗೇ ಇದೆ,
ಚಾರ್ಜರು ನೇತುಹಾಕಲು
ಅದರ ಸರೋವರಕ್ಕೆ ಮೊಳೆ ಹೊಡೆದಿದ್ದಾರೆ.

ನನಗೀಗ ದಿನಗೂಲಿ, ದೇವರಾಯನದುರ್ಗದ ಕಾಡಿನಲ್ಲಿ.
ಕೆಲಸ: ಮರಗಳ ಸಂದಿಯಲ್ಲಿ ಆಕಾಶ ಎಷ್ಟು ಕಾಣುತ್ತದೆ,
ಅದರ ಫೋಟೋ.
ನುಸ್ರತ್ ಮೇಡಂ ಇಪ್ಪತ್ತೆರಡು ಗೂಟ ನೆಟ್ಟಿದ್ದಾರೆ,
ತಲೆಗೆ ಹಳದಿ ಬಣ್ಣ, ಮೈಮೇಲೆ ನಂಬರು.
ಬಿಸಿಲು ಏಳುವ ಮುಂಚೆ ಮುಗಿಸಬೇಕು.
ಸೂರ್ಯ ಒಮ್ಮೆ ಇಣುಕಿದನೋ
ಎಲೆಯ ಅಂಚನ್ನೆಲ್ಲ ತಿಂದುಹಾಕುತ್ತಾನೆ,
ಇಲ್ಲದ ಬಯಲನ್ನು ಇದೆ ಅನ್ನಿಸುತ್ತಾನೆ.

ಮೂರು ಕಾಲಿನ ಸ್ಟ್ಯಾಂಡು, ಎದೆಮಟ್ಟ.
ಕ್ಯಾಮೆರಾ ಅಂಗಾತ.
ಗಾರೆಯವರ ರಸಮಟ್ಟದಲ್ಲಿರುವಂಥ ಪುಟ್ಟ ಗುಳ್ಳೆ
ನಡುವೆ ಬಂದು ನಿಲ್ಲುವವರೆಗೂ
ಉಸಿರು ಹಿಡಿದು ತಿರುಪು ತಿರುಗಿಸಬೇಕು.
ಉತ್ತರಕ್ಕೆ ಒಂದು ಕೆಂಪು ಚುಕ್ಕೆ.
ಹತ್ತು ಸೆಕೆಂಡಿನ ಟೈಮರು ಒತ್ತಿದ ಮೇಲೆ
ಎಲ್ಲರೂ ಕುಕ್ಕರಗಾಲಲ್ಲಿ ಕೂರಬೇಕು.
ಮೀನುಗಣ್ಣಿನ ಲೆನ್ಸು ಅದು,
ನಿಂತವರ ತಲೆಯನ್ನೂ ಮರವೆಂದೇ ಎಣಿಸುತ್ತದೆ.

ಮೂವತ್ತು ವರ್ಷ
"ಗದ್ದ ಸ್ವಲ್ಪ ಮೇಲೆ, ಇಲ್ಲಿ ನೋಡಿ" ಅಂದವನು
ಈಗ ಯಾರಿಗೂ ಏನೂ ಹೇಳುವುದಿಲ್ಲ.
ಜಾಲಾರಿ, ದಿಂಡಿಗ, ತಾರೆ, ಕಕ್ಕೆ
ನಾನು ಹೇಳುವ ಮುಂಚೆಯೇ
ದುಂಡನೆಯ ಚಿತ್ರದೊಳಕ್ಕೆ ಬಾಗಿ ನಿಂತಿರುತ್ತವೆ,
ಬಾವಿಗೆ ಇಣುಕುವ ಹುಡುಗರ ಹಾಗೆ.
ತಳದಲ್ಲಿ ನಾವು.

ಸಂಜೆ ಮೇಡಂ ಚಿತ್ರವನ್ನು ಕಪ್ಪು ಬಿಳುಪು ಮಾಡುತ್ತಾರೆ.
ಬೂದು ಅನ್ನುವುದಿಲ್ಲ,
ಎಲೆ, ಇಲ್ಲವೇ ಆಕಾಶ.
ಗೆರೆ ಎಲ್ಲಿ ಎಳೆಯುವುದು ಅನ್ನುವುದೇ ತಕರಾರು.
ಈ ಕಡೆ ಕೂದಲೆಳೆ ಸರಿದರೆ ಕಾಡು ದಟ್ಟ,
ಆ ಕಡೆ ಸರಿದರೆ ತೆಳು.
"ಒಮ್ಮೆ ಹಿಡಿದ ಗೆರೆ ಬಿಡಬಾರದು" ಅನ್ನುತ್ತಾರೆ.
ಆಮೇಲೆ ಬಿಳುಪಿನ ಎಣಿಕೆ.
ನೂರಕ್ಕೆ ಹದಿನೇಳು. ನೂರಕ್ಕೆ ಇಪ್ಪತ್ತು.

ನನ್ನ ಕೈ ಸುಮ್ಮನಿರುವುದಿಲ್ಲ.
ಖಾಲಿ ಕಂಡರೆ ತುಂಬುವುದೇ ನನ್ನ ಕಸುಬಾಗಿತ್ತು.
ಸತ್ತ ಅಪ್ಪನನ್ನು ಮದುವೆಯ ಗ್ರೂಪಿನಲ್ಲಿ ಕೂರಿಸಿದ್ದೇನೆ.
ರಜೆ ಸಿಗದ ಮಿಲಿಟರಿ ಅಣ್ಣನಿಗೆ
ಬೇರೆಯವರ ಕೋಟು ತೊಡಿಸಿ
ತಂಗಿಯ ಪಕ್ಕ ನಿಲ್ಲಿಸಿದ್ದೇನೆ.
ಆ ಮನೆಗಳ ಗೋಡೆಯ ಮೇಲೆ ಇವತ್ತಿಗೂ ಇವೆ ಅವು,
ಕತ್ತಿನ ಹತ್ತಿರ ಬೆಳಕು ಕೂಡಿಲ್ಲದ್ದು
ನನಗೊಬ್ಬನಿಗೆ ಗೊತ್ತು.
ಇಲ್ಲಿ ಮೊದಲ ದಿನವೇ ಮೇಡಂ ಹೇಳಿಬಿಟ್ಟರು,
"ಏನೂ ತಿದ್ದಬೇಡಿ ಗವಿರಂಗಪ್ಪನವರೇ,
ನಮಗೆ ಬೇಕಾದದ್ದೇ ತೂತು."

ಹದಿನಾಲ್ಕನೇ ಗೂಟದಲ್ಲಿ ಹೋದ ವರ್ಷ ಹತ್ತೊಂಬತ್ತು.
ಈ ವರ್ಷ ಹೋದಾಗ ಹೊನ್ನೆಮರ ಮಲಗಿತ್ತು,
ಬುಡದ ಮಣ್ಣನ್ನೂ ಎಬ್ಬಿಸಿಕೊಂಡು.
ಕಡಿದದ್ದಲ್ಲ, ಗಾಳಿ.
ಮುರಿದ ಕಡೆ ಕೆಂಪು ಅಂಟು ಒಣಗಿತ್ತು.
ಪಕ್ಕದಲ್ಲಿ ಆಗಲೇ ಲಂಟಾನ ಚಿಗುರಿತ್ತು,
ಗೂಟಕ್ಕಿಂತ ಗಿಡ್ಡ, ಚಿತ್ರಕ್ಕೆ ಬರುವುದಿಲ್ಲ.

ಮಟ್ಟ ನೋಡಿದೆ, ಉತ್ತರ ನೋಡಿದೆ,
ಗುಂಡಿ ಒತ್ತಿ ಕೂತೆ. ಮೇಡಂ ಕೂತರು.
ವಾಚರ್ ಮೂಡ್ಲಯ್ಯ,
ಆ ಮರದಡಿ ಇಪ್ಪತ್ತಾರು ವರ್ಷ ಬುತ್ತಿ ಬಿಚ್ಚಿದವರು,
ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು.
"ಇಲ್ಲಿ ಇಷ್ಟೊಂದು ಆಕಾಶ ಇರಲಿಲ್ಲ ಕಣಪ್ಪ"
ಅಂದರು. ಅಷ್ಟರಲ್ಲಿ ಕ್ಲಿಕ್.

ಮತ್ತೆ ತೆಗೆದೆವು.
ಈ ಸಲ ಕೂತರು, ಮಂಡಿ ಲಟಕ್ಕೆಂದಿತು.
ಪುಸ್ತಕ ಸೇರಿದ್ದು ಎರಡನೆಯದು: ಮೂವತ್ತೊಂದು.

ಮೊದಲನೆಯದನ್ನು ಅಳಿಸಲು ಹೇಳಿದ್ದರು.
ರಾತ್ರಿ ನಾನೇ ಎಣಿಸಿ ನೋಡಿದೆ,
ಅದೇ ಗೆರೆ ಹಿಡಿದು, ಏನೂ ತಿದ್ದದೆ.
ಹೊಸ ಬಿಳುಪಿನ ಅಂಚಿನಲ್ಲಿ
ಒಂದು ಕರಿ ಗುಡ್ಡೆ, ಎರಡು ಕಿವಿ.
ಮೂವತ್ತು ಪಾಯಿಂಟ್ ಎರಡು.